‘ತೇ ದೇಉಮ್’ ಸ್ತೋತ್ರದ ಅರ್ಥ ಮತ್ತು ಬಳಕೆ: ಕಲಬುರಗಿ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕಲಬುರಗಿ ಸೀಮೆಯು ಸ್ತುತಿಸಾಹಿತ್ಯದ ದೃಷ್ಟಿಯಿಂದ ಶ್ರೀಮಂತವಾದ ನೆಲ. ಮಳಖೇಡದ ಜೈನ ಪರಂಪರೆ, ನೆರೆಯ ಕಲ್ಯಾಣದ ಶರಣರ ವಚನಗಳು, ಖ್ವಾಜಾ ಬಂದೇನವಾಜರ ದರ್ಗಾದ ಸೂಫಿ ಸಂಪ್ರದಾಯ, ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಇವೆಲ್ಲವೂ ಈ ಭಾಗದ ಜನರ ಕಿವಿಯಲ್ಲಿ ಉಳಿದು ಬಂದಿವೆ. ಇವುಗಳ ಮಗ್ಗುಲಲ್ಲಿ ಕನ್ನಡ ಕ್ರೈಸ್ತರ ಆರಾಧನಾ ಗೀತೆಗಳ ಧಾರೆಯೊಂದು ಇದೆ. ಜಿಲ್ಲೆಯ ಸಾಂಸ್ಕೃತಿಕ ಚರಿತ್ರೆಯನ್ನು ಬರೆಯುವಾಗ ಈ ಧಾರೆಗೆ ಸಲ್ಲಬೇಕಾದ ಗಮನ ಸಂದಿರುವುದು ಕಡಿಮೆ. ಕ್ರೈಸ್ತ ಸ್ತುತಿಗೀತೆಗಳಲ್ಲಿ ಅತ್ಯಂತ ಪ್ರಾಚೀನವಾದವುಗಳ ಸಾಲಿಗೆ ಸೇರುವ ‘ತೇ ದೇಉಮ್ ಲೌದಾಮುಸ್’ ಎಂಬ ಲ್ಯಾಟಿನ್ ಸ್ತೋತ್ರದ ಅರ್ಥವೇನು, ಅದು ಯಾರ ಬಾಯಲ್ಲಿ ಯಾವ ಸಂದರ್ಭಗಳಲ್ಲಿ ಬಳಕೆಯಾಯಿತು, ಕನ್ನಡದ ಆರಾಧನಾ ಪರಿಸರದಲ್ಲಿ ಅದರ ಅರ್ಥ ಹೇಗೆ ತೆರೆದುಕೊಳ್ಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಹುಟ್ಟು ಮತ್ತು ಕರ್ತೃತ್ವ

ಈ ಸ್ತೋತ್ರದ ಹುಟ್ಟಿನ ಬಗೆಗೆ ಪ್ರಚಲಿತವಾಗಿರುವ ಐತಿಹ್ಯವೊಂದುಂಟು. ಕ್ರಿ.ಶ. 387ರ ಈಸ್ಟರ್ ಇರುಳಿನಲ್ಲಿ ಮಿಲಾನ್ ನಗರದಲ್ಲಿ ಸಂತ ಅಂಬ್ರೋಸರು ಅಗಸ್ಟೀನರಿಗೆ ದೀಕ್ಷಾಸ್ನಾನ ನೀಡಿದಾಗ, ಗುರುಶಿಷ್ಯರಿಬ್ಬರೂ ಒಬ್ಬರ ಸಾಲಿಗೆ ಇನ್ನೊಬ್ಬರು ಸಾಲು ಸೇರಿಸುತ್ತ ಇದನ್ನು ಹಾಡಿದರೆಂಬುದು ಆ ಕಥೆ. ದೀಕ್ಷಾಸ್ನಾನದ ಸಂಗತಿ ಚಾರಿತ್ರಿಕವಾದುದೇ ಆದರೂ ಸ್ತೋತ್ರದ ಸಂಬಂಧ ಮಾತ್ರ ಕೆಲವು ಶತಮಾನಗಳ ಅನಂತರ ಕಾಣಿಸಿಕೊಂಡದ್ದು. ಆದ್ದರಿಂದ ಆಧುನಿಕ ವಿದ್ವಾಂಸರು ಈ ಐತಿಹ್ಯವನ್ನು ಒಪ್ಪುವುದಿಲ್ಲ. ಬೆನೆಡಿಕ್ಟೈನ್ ವಿದ್ವಾಂಸ ಜೆರ್ಮೇನ್ ಮೋರಿನ್ ಅವರು 19ನೆಯ ಶತಮಾನದ ಕೊನೆಯಲ್ಲಿ ಇದರ ಕರ್ತೃ ರೆಮೆಸಿಯಾನದ ಧರ್ಮಾಧ್ಯಕ್ಷ ನಿಸೇತನೆಂಬ ವಾದವನ್ನು ಮುಂದಿಟ್ಟರು. ರೆಮೆಸಿಯಾನವೆಂದರೆ ಇಂದಿನ ಸರ್ಬಿಯಾದ ಬೇಲಾ ಪಲಾಂಕಾ. ಈ ವಾದವೂ ಸರ್ವಸಮ್ಮತವಾಗಿಲ್ಲ. ಸ್ತೋತ್ರದ ಮುಖ್ಯಭಾಗ 4ನೆಯ ಶತಮಾನದ ಕೊನೆ ಅಥವಾ 5ನೆಯ ಶತಮಾನದ ಆರಂಭಕ್ಕೆ ಸೇರಿದುದೆಂಬುದು ಸಾಮಾನ್ಯ ಅಭಿಪ್ರಾಯ.

ಲಿಖಿತ ಆಧಾರಗಳು ಇದಕ್ಕಿಂತ ಗಟ್ಟಿಯಾಗಿವೆ. 6ನೆಯ ಶತಮಾನದಲ್ಲಿ ಆರ್ಲ್ ನಗರದ ಸಿಸೇರಿಯಸ್ ರೂಪಿಸಿದ ಮಠನಿಯಮದಲ್ಲಿಯೂ ಸಂತ ಬೆನೆಡಿಕ್ಟರ ಮಠನಿಯಮದಲ್ಲಿಯೂ ಇದರ ಹೆಸರು ಬರುತ್ತದೆ. ಬೆನೆಡಿಕ್ಟರ ನಿಯಮದಂತೆ ಭಾನುವಾರದ ಜಾಗರಣೆಯ ಪ್ರಾರ್ಥನೆಯಲ್ಲಿ ವಾಚನಗಳು ಮುಗಿದ ಮೇಲೆ ಮಠಾಧಿಪತಿ ಇದನ್ನು ಎತ್ತಿಕೊಳ್ಳಬೇಕು. 7ನೆಯ ಶತಮಾನದ ಕೊನೆಯಲ್ಲಿ ಐರ್ಲೆಂಡಿನ ಬ್ಯಾಂಗರ್ ಮಠದಲ್ಲಿ ಸಿದ್ಧವಾದ ಹಸ್ತಪ್ರತಿಯೊಂದರಲ್ಲಿ ಸ್ತೋತ್ರದ ಪಠ್ಯವೇ ದೊರೆಯುತ್ತದೆ.

ಇನ್ನೊಂದು ಸಂಗತಿ ಗಮನಾರ್ಹ. ಪ್ರೇಷಿತರು, ಪ್ರವಾದಿಗಳು, ರಕ್ತಸಾಕ್ಷಿಗಳು ಸಾಲುಗೂಡಿ ದೇವರನ್ನು ಸ್ತುತಿಸುವ ಚಿತ್ರವೊಂದು ಸ್ತೋತ್ರದ ಮೊದಲ ಭಾಗದಲ್ಲಿದೆ. ಇದನ್ನೇ ಹೋಲುವ ಚಿತ್ರ ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ಕ್ರಿ.ಶ. 252ರ ಸುಮಾರಿಗೆ ಬರೆದ ಮರಣವಿಷಯಕ ಗ್ರಂಥದಲ್ಲಿಯೂ ಇದೆ. ಆ ಗ್ರಂಥ ರಚನೆಯಾದದ್ದು ಉತ್ತರ ಆಫ್ರಿಕಾದಲ್ಲಿ ಮಹಾಮಾರಿ ಹಬ್ಬಿ ಜನ ಸಾಯುತ್ತಿದ್ದ ದಿನಗಳಲ್ಲಿ. ಅಂದರೆ ಮುಂದೆ ವಿಜಯೋತ್ಸವದ ಹಾಡೆಂದು ಹೆಸರಾದ ಈ ಸ್ತೋತ್ರದ ಅತ್ಯಂತ ಪ್ರಸಿದ್ಧ ಚಿತ್ರದ ಹಿಂದೆ ಸಾವಿನ ಎದುರು ನಿಂತ ಸಮುದಾಯವೊಂದರ ಸಾಂತ್ವನದ ಮಾತಿನ ನೆರಳಿದೆ.

2. ರಚನೆ ಮತ್ತು ಆಶಯ

ಸ್ತೋತ್ರದಲ್ಲಿ ಇಪ್ಪತ್ತೊಂಬತ್ತು ಸಾಲುಗಳಿವೆ. ಇದು ಛಂದೋಬದ್ಧ ಪದ್ಯವಲ್ಲ, ಲಯವುಳ್ಳ ಗದ್ಯ. ಕನ್ನಡ ಓದುಗರಿಗೆ ವಚನದ ಲಯವನ್ನು ನೆನಪಿಸಿಕೊಂಡರೆ ಇದರ ಸ್ವರೂಪ ಸುಲಭವಾಗಿ ಮನದಟ್ಟಾದೀತು. ಸ್ತೋತ್ರ ಮೂರು ಭಾಗಗಳಾಗಿ ಬಿಡಿಸಿಕೊಳ್ಳುತ್ತದೆ. ಮೊದಲ ಭಾಗದಲ್ಲಿ ಭೂಮಿ, ದೇವದೂತರು, ಪ್ರೇಷಿತರು, ಪ್ರವಾದಿಗಳು, ರಕ್ತಸಾಕ್ಷಿಗಳು, ಲೋಕವ್ಯಾಪಿಯಾದ ಧರ್ಮಸಭೆ ಇವರೆಲ್ಲರ ಸ್ತುತಿ ಬರುತ್ತದೆ. ಪ್ರವಾದಿ ಯೆಶಾಯನ ದರ್ಶನದಲ್ಲಿ ದೇವದೂತರು ‘ಪರಿಶುದ್ಧ’ ಎಂಬ ಶಬ್ದವನ್ನು ಮೂರು ಬಾರಿ ಕೂಗುವ ಪ್ರಸಂಗ ಇದರ ನಡುವೆ ಸೇರಿದೆ. ಎರಡನೆಯ ಭಾಗ ಕ್ರಿಸ್ತನನ್ನು ಕುರಿತದ್ದು. ಆತನ ಜನನ, ಮರಣ, ಮಹಿಮೆ, ಮರಳಿ ಬರುವಿಕೆ ಇಲ್ಲಿನ ವಸ್ತು. ಮೂರನೆಯ ಭಾಗ ಬಹುಮಟ್ಟಿಗೆ ಕೀರ್ತನೆಗಳಿಂದ ಆಯ್ದ ಬೇಡಿಕೆಗಳ ಮಾಲೆ. ಇದು ಮೂಲದಲ್ಲಿ ಸ್ತೋತ್ರದ ಅಂಗವಾಗಿರದೆ ಅನಂತರ ಸೇರಿಕೊಂಡುದೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇಂದಿನ ರೋಮನ್ ಪ್ರಾರ್ಥನಾ ಗ್ರಂಥದಲ್ಲಿ ಈ ಕೊನೆಯ ಭಾಗವನ್ನು ಬಿಟ್ಟುಬಿಡಲು ಅನುಮತಿಯೂ ಇದೆ.

ಸ್ತೋತ್ರದ ಹೆಸರೇ ಅದರ ಆರಂಭದ ಮೂರು ಶಬ್ದಗಳು. ಅವುಗಳ ವ್ಯಾಕರಣದಲ್ಲಿ ಒಂದು ಮುಖ್ಯ ಸೂಕ್ಷ್ಮವಿದೆ. ಲ್ಯಾಟಿನ್ನಿನಲ್ಲಿ ‘ತೇ’ ಎಂಬುದೂ ‘ದೇಉಮ್’ ಎಂಬುದೂ ದ್ವಿತೀಯಾ ವಿಭಕ್ತಿಯಲ್ಲಿವೆ, ‘ದೇಉಮ್’ ಸಂಬೋಧನೆಯಲ್ಲ. ಇಂಗ್ಲಿಷ್ ಪ್ರಾರ್ಥನಾ ಗ್ರಂಥವು ಇದನ್ನು ‘ದೇವರೇ’ ಎಂಬ ಸಂಬೋಧನೆಯಾಗಿ ಮಾರ್ಪಡಿಸಿತು. ಮೂಲದ ಅರ್ಥ ನಿನ್ನನ್ನು ದೇವರೆಂದು ಸ್ತುತಿಸುವುದು ಎಂಬಂತಹದು. ಇಂಗ್ಲಿಷಿನಲ್ಲಿ ತೊಡಕಾಗುವ ಈ ರಚನೆ ಕನ್ನಡಕ್ಕೆ ಸಹಜ. ‘ಎಂದು’ ಎಂಬ ಒಂದು ಅವ್ಯಯ ಆ ಕೆಲಸವನ್ನು ನಿರಾಯಾಸವಾಗಿ ಮಾಡುತ್ತದೆ.

ಈ ಭೇದ ಬರಿಯ ವ್ಯಾಕರಣದ್ದಲ್ಲ. ರೋಮ್ ಸಾಮ್ರಾಜ್ಯದಲ್ಲಿ ಚಕ್ರವರ್ತಿಗೆ ದೈವೀಗೌರವ ಸಲ್ಲುತ್ತಿತ್ತು. ಕ್ರಿ.ಶ. 112ರ ಸುಮಾರಿಗೆ ಬಿಥಿನಿಯ ಪ್ರಾಂತದ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರು ನಸುಕಿನಲ್ಲಿ ಕೂಡಿ ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆಂದು ವರದಿ ಮಾಡಿದ್ದಾನೆ. ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕಲು ಒಪ್ಪದವರಿಗೆ ಶಿಕ್ಷೆಯಾಗುತ್ತಿದ್ದ ಕಾಲವದು. ಆ ನೆನಪು ಉಳಿದಿದ್ದ ಸಮುದಾಯದಲ್ಲಿ ‘ನಿನ್ನನ್ನು ದೇವರೆಂದು’ ಎನ್ನುವುದರೊಳಗೆ ‘ಇನ್ನಾರನ್ನೂ ಅಲ್ಲ’ ಎಂಬ ನಿರಾಕರಣೆಯೂ ಅಡಗಿರುತ್ತದೆ. ಕಲಬುರಗಿಯ ಉರ್ದು ಪರಿಸರದಲ್ಲಿ ಪರಿಚಿತವಾಗಿರುವ ‘ಹಮ್ದ್’ ಎಂಬ ಕಾವ್ಯಪ್ರಕಾರವೂ ದೇವರೊಬ್ಬನಿಗೇ ಮೀಸಲಾದುದು. ಪ್ರವಾದಿಯ ಪ್ರಶಂಸೆಗೆ ‘ನಾತ್’ ಎಂಬ ಬೇರೆ ಹೆಸರಿದೆ. ಸ್ತುತಿ ಯಾರಿಗೆ ಸಲ್ಲಬೇಕೆಂಬ ಎಚ್ಚರ ಎರಡೂ ಪರಂಪರೆಗಳಲ್ಲಿ ಸಮಾನವಾಗಿದೆ.

3. ಬಳಕೆಯ ಎರಡು ಹಾದಿಗಳು

ಇಂತಹ ಸ್ತೋತ್ರವೇ ಮುಂದೆ ರಾಜಾಸ್ಥಾನದ ಹಾಡಾದದ್ದು ಚರಿತ್ರೆಯ ವಿಪರ್ಯಾಸ. ಮಧ್ಯಯುಗದಿಂದೀಚೆಗೆ ಯುರೋಪಿನಲ್ಲಿ ಪಟ್ಟಾಭಿಷೇಕ, ಯುದ್ಧವಿಜಯ, ರಾಜಕುಮಾರನ ಜನನ ಮೊದಲಾದ ಸಂದರ್ಭಗಳಲ್ಲಿ ಇದನ್ನು ಹಾಡಿಸುವುದು ರೂಢಿಯಾಯಿತು. 1713ರ ಉಟ್ರೆಕ್ಟ್ ಒಪ್ಪಂದಕ್ಕೂ 1743ರ ಡೆಟಿಂಗೆನ್ ಕದನದ ಗೆಲುವಿಗೂ ಹ್ಯಾಂಡಲ್ ಇದಕ್ಕೆ ಸಂಗೀತ ಸಂಯೋಜಿಸಿದನು. 1804ರಲ್ಲಿ ನೆಪೋಲಿಯನ್ನನ ಪಟ್ಟಾಭಿಷೇಕದಲ್ಲಿಯೂ ಇದು ಮೊಳಗಿತು. 1572ರಲ್ಲಿ ಪ್ಯಾರಿಸಿನಲ್ಲಿ ಪ್ರೊಟೆಸ್ಟೆಂಟರ ಹತ್ಯಾಕಾಂಡ ನಡೆದ ಸುದ್ದಿ ರೋಮಿಗೆ ತಲುಪಿದಾಗ ಪೋಪ್ ಹದಿಮೂರನೆಯ ಗ್ರೆಗೊರಿ ಇದನ್ನೇ ಹಾಡಿಸಿದರು. ರಕ್ತಸಾಕ್ಷಿಗಳನ್ನು ಕೊಂಡಾಡುವ ಸ್ತೋತ್ರವನ್ನು ರಕ್ತಪಾತದ ಸಂತೋಷಕ್ಕೆ ಬಳಸಿದ ಈ ಪ್ರಸಂಗವನ್ನು ಮರೆಮಾಚಿ ಇದರ ಚರಿತ್ರೆಯನ್ನು ಬರೆಯಲಾಗದು.

ಆದರೆ ಇದಕ್ಕೆ ಸಮಾನಾಂತರವಾಗಿ ಎರಡನೆಯ ಹಾದಿಯೊಂದು ನಿರಂತರವಾಗಿ ಸಾಗಿಬಂದಿದೆ. ಮಠಗಳ ಜಾಗರಣೆ, ಊರ ಚರ್ಚುಗಳ ಬೆಳಗಿನ ಪ್ರಾರ್ಥನೆ, ವರ್ಷದ ಕೊನೆಯ ಕೃತಜ್ಞತಾರ್ಪಣೆ ಇವುಗಳ ಹಾದಿ ಅದು. 1529ರಲ್ಲಿ ಮಾರ್ಟಿನ್ ಲೂಥರ್ ಇದನ್ನು ಜರ್ಮನ್ ಭಾಷೆಗೆ ತಂದರು. 1549ರ ಇಂಗ್ಲಿಷ್ ಪ್ರಾರ್ಥನಾ ಗ್ರಂಥವು ಇದನ್ನು ಬೆಳಗಿನ ಪ್ರಾರ್ಥನೆಯ ಅಂಗವಾಗಿಸಿತು. 1784ರಲ್ಲಿ ಜಾನ್ ವೆಸ್ಲಿಯವರು ಅಮೆರಿಕದ ಮೆಥಡಿಸ್ಟರಿಗಾಗಿ ಆ ಗ್ರಂಥವನ್ನು ಸಂಗ್ರಹಿಸಿಕೊಟ್ಟಾಗಲೂ ಈ ಸ್ತೋತ್ರವನ್ನು ಕೈಬಿಡಲಿಲ್ಲ. ಕಥೋಲಿಕ ಸಂಪ್ರದಾಯದಲ್ಲಿ ತಪಸ್ಸುಕಾಲವನ್ನುಳಿದ ಭಾನುವಾರಗಳು, ಹಬ್ಬಗಳು, ಡಿಸೆಂಬರ್ 31ರ ಕೃತಜ್ಞತಾ ಪ್ರಾರ್ಥನೆ ಹಾಗೂ ಧರ್ಮಾಧ್ಯಕ್ಷರ ದೀಕ್ಷಾವಿಧಿ ಇದರ ಮುಖ್ಯ ಸಂದರ್ಭಗಳು.

4. ಕಲಬುರಗಿ ಪರಿಸರಕ್ಕೆ ಬಂದ ಬಗೆ

ಕಲಬುರಗಿಗೆ ಕ್ರೈಸ್ತ ಸ್ತುತಿಪರಂಪರೆ ಬಂದದ್ದು ಈ ಎರಡನೆಯ ಹಾದಿಯ ಮುಂದುವರಿಕೆಯಾಗಿ. ಇದಕ್ಕೆ ಕಾರಣವಾದ ಚಾರಿತ್ರಿಕ ಸಂದರ್ಭಗಳನ್ನು ಇಲ್ಲಿ ಸಂಗ್ರಹವಾಗಿ ಗಮನಿಸಬಹುದು.

ಕನ್ನಡದಲ್ಲಿ ಕ್ರೈಸ್ತ ಆರಾಧನೆಗೆ ಅಗತ್ಯವಾದ ಶಬ್ದಸಂಪತ್ತು ಮೊದಲಿಗೆ ಸಿದ್ಧವಾದ ಕೇಂದ್ರಗಳಲ್ಲಿ ಬಳ್ಳಾರಿ ಪ್ರಮುಖವಾದುದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡ ಬೈಬಲ್ ಅನುವಾದದಲ್ಲಿ ತೊಡಗಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಗೀತರಚನೆ ಮತ್ತು ಮುದ್ರಣಗಳಲ್ಲಿ ಮಹತ್ವದ ಕೆಲಸ ಮಾಡಿತು. 1894ರಲ್ಲಿ ಪ್ರಕಟವಾದ ನಿಘಂಟಿನಿಂದ ಖ್ಯಾತರಾದ ಫರ್ಡಿನಂಡ್ ಕಿಟೆಲ್ ಅವರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿಗೆ ಅಳವಡಿಸಿದರು.

ಆ ಕಾಲದಲ್ಲಿ ಕಲಬುರಗಿ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. 1871ರಲ್ಲಿ ಮುಂಬಯಿ-ಮದರಾಸು ರೈಲುಮಾರ್ಗ ರಾಯಚೂರಿನಲ್ಲಿ ಕೂಡಿಕೊಂಡು ಪೂರ್ಣಗೊಂಡಿತು. ಕಲಬುರಗಿ ಆ ಮಾರ್ಗದ ಮೇಲಿನ ಊರು. 1870ರ ದಶಕದಲ್ಲಿ ವಿಲಿಯಂ ಟೇಲರ್ ಅವರ ಮೂಲಕ ಅಮೆರಿಕದ ಮೆಥಡಿಸ್ಟ್ ಚಟುವಟಿಕೆ ದಕ್ಷಿಣ ಭಾರತಕ್ಕೆ ಬಂದು, ಕ್ರಮೇಣ ಹೈದರಾಬಾದ್ ಸಂಸ್ಥಾನದ ಕನ್ನಡ ಸೀಮೆಯ ಬೀದರ್, ಕಲಬುರಗಿಗಳಲ್ಲಿ ನೆಲೆಯೂರಿತು. ಈ ಎರಡು ಕೇಂದ್ರಗಳ ನಡುವಣ ಹುಮನಾಬಾದ್ ದಾರಿಯ ಮೇಲೆ ಕಮಲಾಪುರವಿದೆ. ಕೆಂಪು ಬಾಳೆಯಿಂದ ಹೆಸರಾದ ಈ ಊರು ಇಂದು ತಾಲೂಕು ಕೇಂದ್ರ. ನಗರದ ಚರ್ಚಿನ ಆರಾಧನೆ ಮತ್ತು ಗ್ರಾಮದ ಆರಾಧನೆಗಳ ನಡುವಣ ಭೇದವನ್ನು ಅರಿಯಲು ಇಂತಹ ದಾರಿಯ ಊರುಗಳನ್ನು ಗಮನದಲ್ಲಿಡುವುದು ಅಗತ್ಯ.

ಇಲ್ಲಿ ಎರಡು ಸಂಗತಿಗಳನ್ನು ಸ್ಪಷ್ಟಪಡಿಸಬೇಕು. ಮೊದಲನೆಯದು, ವೆಸ್ಲಿಯವರು ಸಂಗ್ರಹಿಸಿಕೊಟ್ಟ ಪ್ರಾರ್ಥನಾ ಗ್ರಂಥ ಅಮೆರಿಕದಲ್ಲಿ ಬಹುಬೇಗ ಬಳಕೆ ತಪ್ಪಿತು. ಅಲ್ಲಿನ ಮೆಥಡಿಸ್ಟರು ಲಿಖಿತ ಪ್ರಾರ್ಥನೆಗಿಂತ ಸಭೆಯ ಹಾಡಿಗೆ, ಉಪದೇಶಕ್ಕೆ, ಬಾಯಿಗೆ ಬಂದಂತೆ ಮಾಡುವ ಪ್ರಾರ್ಥನೆಗೆ ಹೆಚ್ಚು ಒಲಿದರು. ಅದೇ ಒಲವು ಈ ಸೀಮೆಗೂ ಬಂದಿತು. ಎರಡನೆಯದು, 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಮೈಸೂರು ಸೀಮೆಯ ವೆಸ್ಲಿಯನ್ ಮೆಥಡಿಸ್ಟರು ಅದರಲ್ಲಿ ಸೇರಿದರು. ಅಮೆರಿಕ ಮೂಲದ ಮೆಥಡಿಸ್ಟರು ಪ್ರತ್ಯೇಕವಾಗಿ ಉಳಿದು 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆಯಾದರು. ಹೀಗಾಗಿ ಆಂಗ್ಲಿಕನ್ ಮಾದರಿಯ ನಿಯತ ಬೆಳಗಿನ ಪ್ರಾರ್ಥನೆಯಲ್ಲಿ ಸ್ತೋತ್ರವನ್ನು ಪಠಿಸುವ ಕ್ರಮಕ್ಕಿಂತ, ಅದರ ಆಶಯಗಳು ಸಭೆಯ ಗೀತೆಗಳಲ್ಲಿಯೂ ಸ್ವತಂತ್ರ ಪ್ರಾರ್ಥನೆಯಲ್ಲಿಯೂ ಹರಡಿಕೊಳ್ಳುವ ಕ್ರಮವೇ ಇಲ್ಲಿನ ಮೆಥಡಿಸ್ಟ್ ಸಂಪ್ರದಾಯಕ್ಕೆ ಹತ್ತಿರವಾದುದು. ಡಿಸೆಂಬರ್ 31ರ ಇರುಳಿನ ಜಾಗರಣೆಯ ಆರಾಧನೆ ಇದಕ್ಕೆ ಒಳ್ಳೆಯ ನಿದರ್ಶನ. ಕಥೋಲಿಕರು ಅದೇ ಇರುಳಿಗೆ ತೇ ದೇಉಮ್ ಸ್ತೋತ್ರವನ್ನು ಗೊತ್ತುಪಡಿಸಿಕೊಂಡಿರುವುದು ಎರಡೂ ಪಂಗಡಗಳು ಬೇರೆ ಬೇರೆ ದಾರಿಗಳಿಂದ ಒಂದೇ ಹೊತ್ತಿಗೆ ಬಂದು ನಿಲ್ಲುವುದನ್ನು ತೋರಿಸುತ್ತದೆ.

ಕಥೋಲಿಕರಲ್ಲಿ ಬದಲಾವಣೆಯ ವರ್ಷ 1963. ಆ ವರ್ಷದ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನಾವಿಧಿಯ ಕುರಿತ ಸಂವಿಧಾನವನ್ನು ಹೊರಡಿಸಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಲ್ಯಾಟಿನ್ನಿನ ಬಲಿಪೂಜೆ ಕನ್ನಡಕ್ಕೆ ಬಂದದ್ದು ಆ ಬಳಿಕವೇ. 2005ರಲ್ಲಿ ಕಲಬುರಗಿ ಪ್ರತ್ಯೇಕ ಧರ್ಮಕ್ಷೇತ್ರವಾಗಿ, ರಾಬರ್ಟ್ ಮೈಕಲ್ ಮಿರಾಂಡ ಅವರು ಅದರ ಮೊದಲ ಧರ್ಮಾಧ್ಯಕ್ಷರಾದರು. 1948ರವರೆಗೆ ಉರ್ದು ಆಡಳಿತಭಾಷೆಯಾಗಿದ್ದ ಸೀಮೆಯಲ್ಲಿ ಕನ್ನಡವು ಸಾರ್ವಜನಿಕ ಪ್ರಾರ್ಥನೆಯ ಭಾಷೆಯಾಗಿ ಬಳಕೆಗೊಂಡ ಚರಿತ್ರೆಯಲ್ಲಿ ಈ ಎರಡೂ ಸಭೆಗಳ ಪಾಲಿದೆ.

5. ಕನ್ನಡದಲ್ಲಿ ತೆರೆದುಕೊಳ್ಳುವ ಅರ್ಥಗಳು

ಅನುವಾದವೆಂಬುದು ಶಬ್ದಗಳ ಬದಲಾವಣೆ ಮಾತ್ರವಲ್ಲ. ಅದು ಅರ್ಥದ ಹೊಸ ನೆಲೆ. ಈ ದೃಷ್ಟಿಯಿಂದ ಸ್ತೋತ್ರದ ಕೆಲವು ಶಬ್ದಗಳನ್ನು ಪರಿಶೀಲಿಸಬಹುದು.

ಮೊದಲಿಗೆ ‘ಸ್ತೋತ್ರ’ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಸಂಸ್ಕೃತ ಪರಂಪರೆಯಲ್ಲಿ ಸ್ತೋತ್ರವೆಂದರೆ ಸ್ತುತಿರೂಪದ ಕೃತಿ. ಕನ್ನಡ ಬೈಬಲಿನ ಮೂಲಕ ಈ ಶಬ್ದಕ್ಕೆ ಕೃತಜ್ಞತೆ ಎಂಬ ಅರ್ಥ ಬಲವಾಗಿ ಕೂಡಿಕೊಂಡಿತು. ‘ಸ್ತೋತ್ರ ಮಾಡು’ ಎಂದರೆ ಉಪಕಾರವನ್ನು ನೆನೆದು ವಂದಿಸು ಎಂದರ್ಥ. ಕನ್ನಡ ಪ್ರೊಟೆಸ್ಟೆಂಟರಲ್ಲಿ ಇದು ದಿನಬಳಕೆಯ ನುಡಿಯಾಗಿದೆ. ಕೃತಜ್ಞತೆಯಿಂದ ಒಪ್ಪಿಸುವ ಕಾಣಿಕೆಗೆ ‘ಸ್ತೋತ್ರ ಕಾಣಿಕೆ’ ಎಂಬ ಹೆಸರಿದೆ. ತೇ ದೇಉಮ್ ಸ್ತೋತ್ರದ ಬಳಕೆಯ ಚರಿತ್ರೆಯಲ್ಲಿ ಸ್ತುತಿ ಮತ್ತು ಕೃತಜ್ಞತೆಗಳು ಬೆಸೆದುಕೊಂಡಿರುವುದನ್ನು ಕನ್ನಡ ಒಂದೇ ಶಬ್ದದಲ್ಲಿ ಹಿಡಿದಿಟ್ಟಿದೆ.

ಎರಡನೆಯದು, ಸ್ತುತಿಸುವವರ ಹೆಸರುಗಳು. ಪ್ರೊಟೆಸ್ಟೆಂಟರು ‘ಅಪೊಸ್ತಲರು’ ಎನ್ನುವಲ್ಲಿ ಕಥೋಲಿಕರು ‘ಪ್ರೇಷಿತರು’ ಎನ್ನುತ್ತಾರೆ. ಮೊದಲನೆಯದು ಗ್ರೀಕ್ ಶಬ್ದದ ತದ್ಭವ, ಎರಡನೆಯದು ಅದರ ಅರ್ಥಾನುವಾದ. ‘ಮಾರ್ಟರ್’ ಎಂಬುದಕ್ಕೆ ಕನ್ನಡದಲ್ಲಿ ‘ಹುತಾತ್ಮ’, ‘ರಕ್ತಸಾಕ್ಷಿ’ ಎಂಬ ಎರಡು ಶಬ್ದಗಳಿವೆ. ‘ಹುತಾತ್ಮ’ದಲ್ಲಿ ಅಗ್ನಿಗೆ ಆಹುತಿಯಾಗುವ ಚಿತ್ರವಿದೆ. ‘ರಕ್ತಸಾಕ್ಷಿ’ಯಾದರೋ ಸಾಕ್ಷಿ ಎಂಬ ಗ್ರೀಕ್ ಮೂಲಾರ್ಥವನ್ನು ಉಳಿಸಿಕೊಂಡಿದೆ. ಸ್ತೋತ್ರದ ಆಶಯಕ್ಕೆ ಎರಡನೆಯ ಶಬ್ದವೇ ಹೆಚ್ಚು ಹೊಂದುತ್ತದೆ. ಏಕೆಂದರೆ ಅಲ್ಲಿ ಅವರು ಸತ್ತವರಾಗಿ ಬರುವುದಿಲ್ಲ, ಮಾತನಾಡುವವರಾಗಿ ಬರುತ್ತಾರೆ.

ಮೂರನೆಯದು, ‘ನಾವು’ ಎಂಬ ಸರ್ವನಾಮ. ಕಲಬುರಗಿ ಕನ್ನಡ, ತೆಲುಗು, ಮರಾಠಿ, ಉರ್ದು ಭಾಷೆಗಳು ಕೂಡುವ ಸೀಮೆ. ತೆಲುಗಿನಲ್ಲಿ ಕೇಳುವವರನ್ನು ಒಳಗೊಳ್ಳುವ ‘ಮನಮು’, ಹೊರಗಿಡುವ ‘ಮೇಮು’ ಎಂಬ ಎರಡು ರೂಪಗಳಿವೆ. ಮರಾಠಿಯಲ್ಲಿಯೂ ‘ಆಪಣ್’, ‘ಆಮ್ಹೀ’ ಎಂಬ ಭೇದವಿದೆ. ದೇವರನ್ನು ಕುರಿತು ಹೇಳುವಾಗ ಆ ಭಾಷಿಕರು ದೇವರನ್ನು ಹೊರಗಿಡುವ ರೂಪವನ್ನೇ ಬಳಸಬೇಕು. ಕನ್ನಡದ ‘ನಾವು’ ಎಂಬುದಕ್ಕೆ ಈ ಗೆರೆಯಿಲ್ಲ. ದೇವರೊಡನೆ ಆಡುವ ಮಾತಿನಲ್ಲಿಯೂ ಪಕ್ಕದಲ್ಲಿ ನಿಂತವನೊಡನೆ ಆಡುವ ಮಾತಿನಲ್ಲಿಯೂ ಅದು ಒಂದೇ ಆಗಿ ಕೇಳುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು. ಕ್ರಿಸ್ತನು ಮನುಷ್ಯರನ್ನು ಬಿಡುಗಡೆ ಮಾಡಲು ಬಂದಾಗ ಕನ್ಯೆಯ ಗರ್ಭಕ್ಕೆ ಹೇಸಲಿಲ್ಲವೆಂಬ ಆಶಯ ಸ್ತೋತ್ರದ ಎರಡನೆಯ ಭಾಗದಲ್ಲಿದೆ. ಯುರೋಪಿನ ವ್ಯಾಖ್ಯಾನಕಾರರಿಗೆ ಇದು ದೇವರು ಮನುಷ್ಯನಾದ ತತ್ವದ ಮಾತು. ಮಡಿಮೈಲಿಗೆಗಳ ಸಮಾಜದಲ್ಲಿ ಇದೇ ಮಾತು ಬೇರೆ ತೀಕ್ಷ್ಣತೆಯನ್ನು ಪಡೆಯುತ್ತದೆ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಕಮಲಾಪುರದ ಮೂಲಕ ಹುಮನಾಬಾದಿಗೆ ಹೋಗುವ ದಾರಿಯೇ ಮುಂದೆ ಬಸವಕಲ್ಯಾಣವನ್ನೂ ಮುಟ್ಟುತ್ತದೆಂಬುದನ್ನು ಇಲ್ಲಿ ನೆನೆಯಬಹುದು. ಕಲಬುರಗಿ, ಬೀದರ್ ಭಾಗದ ಮೆಥಡಿಸ್ಟ್ ಸಭೆಗಳ ಸದಸ್ಯರಲ್ಲಿ ದಲಿತ ಸಮುದಾಯಗಳಿಂದ ಬಂದವರೇ ಹೆಚ್ಚು. ಮುಟ್ಟಬಾರದವರೆಂದು ದೂರ ಇರಿಸಲ್ಪಟ್ಟ ಜನರ ಬಾಯಲ್ಲಿ ದೇವರು ಹೇಸಲಿಲ್ಲವೆಂಬ ಮಾತು ಕೇವಲ ದೈವಶಾಸ್ತ್ರವಾಗಿ ಉಳಿಯುವುದಿಲ್ಲ. ಅದು ತಮ್ಮ ಮೈಯ ಮಾನವನ್ನು ಕುರಿತ ಘೋಷಣೆಯಾಗುತ್ತದೆ. ವಚನಕಾರರೂ ಈ ಸ್ತೋತ್ರವೂ ಭಿನ್ನ ನಂಬಿಕೆಗಳ ನೆಲೆಯಿಂದ ಬಂದವು. ಸೂತಕದ ಪ್ರಶ್ನೆಯಲ್ಲಿ ಮಾತ್ರ ಅವು ಒಂದನ್ನೊಂದು ಬೆಳಗಿಸುತ್ತವೆ.

ಇದಕ್ಕೆ ಪೂರಕವಾಗಿ ಪಾಠಾಂತರವೊಂದನ್ನು ಗಮನಿಸಬಹುದು. ಎರಡನೆಯ ಭಾಗದ ಕೊನೆಯಲ್ಲಿ ಭಕ್ತರನ್ನು ಸಂತರೊಂದಿಗೆ ಮಹಿಮೆಯಲ್ಲಿ ಸೇರಿಸಬೇಕೆಂಬ ಬೇಡಿಕೆಯಿದೆ. ಪ್ರಾಚೀನ ಹಸ್ತಪ್ರತಿಗಳಲ್ಲಿ ಅಲ್ಲಿ ‘ಮುನೆರಾರಿ’, ಅಂದರೆ ಪುರಸ್ಕಾರ ಪಡೆಯುವುದು ಎಂಬ ಪಾಠವಿದೆ. ಅನಂತರದ ಪ್ರತಿಗಳಲ್ಲಿ ಅಕ್ಷರಗಳು ಅದಲುಬದಲಾಗಿ ‘ನುಮೆರಾರಿ’, ಅಂದರೆ ಎಣಿಕೆಗೆ ಸೇರುವುದು ಎಂದಾಯಿತು. ಗ್ರಂಥಸಂಪಾದನೆಯ ದೃಷ್ಟಿಯಿಂದ ಮೊದಲನೆಯದೇ ಮೂಲಪಾಠ. ಆದರೆ ಬಳಕೆಯಲ್ಲಿ ನಿಂತದ್ದು ಎರಡನೆಯದು. ಲೆಕ್ಕಕ್ಕೆ ಬಾರದವರೆಂದು ಎಣಿಸಲ್ಪಟ್ಟವರಿಗೆ ಎಣಿಕೆಗೆ ಸೇರುವುದೇ ದೊಡ್ಡ ಪುರಸ್ಕಾರವೆಂಬುದನ್ನು ಈ ಪಾಠದೋಷವು ಅರಿವಿಲ್ಲದೆಯೇ ಸೂಚಿಸುತ್ತದೆ.

6. ಕೊನೆಯ ಭಾಗದ ಮಹತ್ವ

ಐಚ್ಛಿಕವೆನಿಸಿರುವ ಮೂರನೆಯ ಭಾಗವನ್ನು ಕುರಿತು ಕೊನೆಯದಾಗಿ ವಿಚಾರಿಸಬೇಕು. ಇಲ್ಲಿ ಸ್ತುತಿ ನಿಂತು ಬೇಡಿಕೆ ತೊಡಗುತ್ತದೆ. ಅಂದಂದಿನ ದಿನದ ಮಟ್ಟಿಗೆ ಕಾಪಾಡೆಂದು ಕೇಳುವ ವಿನಯ ಇಲ್ಲಿದೆ. ಇಡೀ ಸ್ತೋತ್ರದುದ್ದಕ್ಕೂ ಬಹುವಚನದಲ್ಲಿ ನಡೆದ ಮಾತು ಕೊಟ್ಟಕೊನೆಯಲ್ಲಿ ಏಕವಚನಕ್ಕೆ ಇಳಿಯುತ್ತದೆ. ಭರವಸೆಯಿಟ್ಟ ‘ನಾನು’ ನಾಚಿಕೆಗೀಡಾಗದಿರಲಿ ಎಂಬ ಆಶಯದೊಂದಿಗೆ ಅದು ಮುಗಿಯುತ್ತದೆ. ಭೂಮ್ಯಾಕಾಶಗಳ ಸಮೂಹಗಾನವಾಗಿ ಆರಂಭವಾದದ್ದು ಒಬ್ಬ ಮನುಷ್ಯನ ಅಳುಕಿನ ದನಿಯಲ್ಲಿ ನಿಲ್ಲುವುದು ಗಮನಿಸತಕ್ಕ ಸಂಗತಿ. ಗೆದ್ದ ಅರಸನಿಗೆ ಈ ಕೊನೆಯ ಸಾಲುಗಳ ಅಗತ್ಯ ಕಾಣದಿರಬಹುದು. ಕಷ್ಟದಲ್ಲಿರುವವನಿಗೆ ಇವೇ ಸ್ತೋತ್ರದ ತಿರುಳು.

2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಮರಣ ದಾಖಲಾದದ್ದು ಕಲಬುರಗಿಯಲ್ಲಿ. ಅದಾದ ಕೆಲವೇ ದಿನಗಳಲ್ಲಿ ದೇಶದಾದ್ಯಂತ ಗುಡಿ, ಮಸೀದಿ, ಚರ್ಚುಗಳ ಬಾಗಿಲು ಮುಚ್ಚಿದವು. ಸಮೂಹಸ್ತುತಿಗೆ ಅವಕಾಶವೇ ಇಲ್ಲದೆ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ‘ನಾನು’ ಆಗಿ ಉಳಿದ ದಿನಗಳವು. ಮಹಾಮಾರಿಯ ನಡುವೆ ಬರೆದ ಸಿಪ್ರಿಯನ್ನನ ಕೃತಿಗೂ ಈ ಸ್ತೋತ್ರಕ್ಕೂ ಇರುವ ಸಾಮ್ಯ ಆ ಸಂದರ್ಭದಲ್ಲಿ ಕೇವಲ ಗ್ರಂಥಸ್ಥ ಸಂಗತಿಯಾಗಿ ಉಳಿಯಲಿಲ್ಲ.

ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ತೇ ದೇಉಮ್ ಸ್ತೋತ್ರದ ವ್ಯಾಕರಣವು ಮನುಷ್ಯಪ್ರಭುತ್ವಕ್ಕೆ ದೈವತ್ವವನ್ನು ನಿರಾಕರಿಸುತ್ತದೆ. ಅದರ ರಾಜಾಸ್ಥಾನದ ಬಳಕೆ ಆ ನಿರಾಕರಣೆಯನ್ನು ಮಸುಕುಗೊಳಿಸಿತು. ಸಾಮಾನ್ಯರ ಆರಾಧನೆಯ ಹಾದಿ ಅದನ್ನು ಕಾಪಾಡಿಕೊಂಡು ಬಂದಿತು. ಕಲಬುರಗಿ, ಕಮಲಾಪುರಗಳಂತಹ ಊರುಗಳಲ್ಲಿ ಈ ಪರಂಪರೆಗೆ ಸಿಂಹಾಸನದ ಹಿನ್ನೆಲೆಯಾಗಲಿ ಫಿರಂಗಿಯ ಗೌರವವಾಗಲಿ ಒದಗಲಿಲ್ಲ. ಅದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. ನಿನ್ನನ್ನೇ ದೇವರೆಂದು ಹೇಳುವುದು, ಹೇಸದೆ ಬಂದವನನ್ನು ನೆನೆಯುವುದು, ನಾಚಿಕೆಗೀಡಾಗದಿರಲೆಂದು ಬೇಡುವುದು ಈ ಮೂರೂ ಆಶಯಗಳು ತಮ್ಮ ಪೂರ್ಣ ಅರ್ಥದಲ್ಲಿ ಕೇಳಿಬರುವುದು ಇಂತಹ ಸಭೆಗಳಲ್ಲಿಯೇ. ಆದ್ದರಿಂದ ಈ ಸ್ತೋತ್ರದ ಕನ್ನಡ ರೂಪವನ್ನು ಬಳಸುವವರು ಕೊನೆಯ ಭಾಗವನ್ನು ಕೈಬಿಡದೆ ಹಾಡುವುದು ಯುಕ್ತ. ಈ ಸೀಮೆಯ ಸ್ತುತಿಸಾಹಿತ್ಯದ ಚರಿತ್ರೆಯನ್ನು ಮುಂದೆ ರಚಿಸುವವರು ವಚನ, ತತ್ವಪದ, ಹಮ್ದ್‌ಗಳ ಜೊತೆಯಲ್ಲಿ ಕನ್ನಡ ಕ್ರೈಸ್ತ ಸ್ತೋತ್ರಗಳನ್ನೂ ಎಣಿಕೆಗೆ ಸೇರಿಸಿಕೊಂಡಾಗ ಆ ಚರಿತ್ರೆ ಪೂರ್ಣವಾಗುತ್ತದೆ.